50 ಗ್ರಾಂ ಒಳಗಿನ ಪತ್ರಿಕೆ

2014ರ ಮಳೆಗಾಲದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಶಿರಸಿಯ ನನ್ನ ಡಿಟಿಪಿ ಅಂಗಡಿಗೆ ಬಂದರು. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ಏಳು ನೋಟ್‌ಬುಕ್ ಟೇಬಲ್ ಮೇಲೆ ಇಟ್ಟರು. "ಇದನ್ನ ಟೈಪ್ ಮಾಡಿ ಹತ್ತು ಪ್ರತಿ ತೆಗೆದುಕೊಡು ತಂಗಿ, ಮೊಮ್ಮಕ್ಕಳಿಗೆ ಕೊಡಬೇಕು" ಅಂದರು. ನಲವತ್ತು ವರ್ಷ ಜೇನು ಸಾಕಿದವರು ಅವರು. ಅಂಟುವಾಳ ಯಾವ ವಾರ ಹೂ ಬಿಟ್ಟಿತು, ನೇರಳೆ ಹೂವಿಗೆ ಮಳೆ ಬಿದ್ದು ಯಾವ ವರ್ಷ ಜೇನುತುಪ್ಪ ಕೈಬಿಟ್ಟಿತು, ಗುರಿಗೆ ಗಿಡ ಕಾಡು ತುಂಬ ಅರಳಿದ ವರ್ಷ ಎಷ್ಟು ಪೆಟ್ಟಿಗೆಯ ಜೇನು ಕುಟುಂಬ ಹಿಸ್ಸೆಯಾಗಿ ಎರಡಾದವು, ಎಲ್ಲ ತಾರೀಖು ಹಾಕಿ ಬರೆದಿದ್ದರು.

ನಮ್ಮ ಮನೆಯಲ್ಲೂ ಆಗ ಮೂವತ್ತು ಪೆಟ್ಟಿಗೆ ಇದ್ದವು. ಪೆಟ್ಟಿಗೆ ನೋಡುವವರು ನಮ್ಮನೆಯವರು. ನನಗೆ ಜೇನು ಅಂದರೆ ಸಂಜೆ ಅವರು ಹೇಳುವ ಸುದ್ದಿ ಅಷ್ಟೆ. ಆದರೆ ಆ ನೋಟ್‌ಬುಕ್ ಟೈಪ್ ಮಾಡುತ್ತಾ ಹೋದಂತೆ ಕೆಲಸ ನಿಧಾನವಾಯಿತು. ಟೈಪ್ ಮಾಡುವುದು ಬಿಟ್ಟು ಓದುತ್ತಿದ್ದೆ. ಸಂಜೆ ಮನೆಗೆ ಹೋಗಿ "ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಡುವಾಗ ಮೇಷ್ಟ್ರು ಹೀಗೆ ಮಾಡ್ತಾರಂತೆ" ಅಂದರೆ ನಮ್ಮನೆಯವರು ಊಟ ಬಿಟ್ಟು ಕೇಳುತ್ತಿದ್ದರು. ಅವರಿಗೆ ಗೊತ್ತಿಲ್ಲದ ವಿಷಯ ಎಂಟು ಮೈಲಿ ಆಚೆಯ ಇನ್ನೊಂದು ಮನೆಯಲ್ಲಿ ನಲವತ್ತು ವರ್ಷದಿಂದ ಬರೆದಿಟ್ಟಿತ್ತು.

ಇಂಥ ನೋಟ್‌ಬುಕ್ ಎಷ್ಟು ಮನೆಯಲ್ಲಿರಬಹುದು? ನನ್ನ ತಲೆಗೆ ಹೊಕ್ಕ ಪ್ರಶ್ನೆ ಅದು. ಕೃಷಿ ಪತ್ರಿಕೆಗಳು ವರ್ಷಕ್ಕೆ ಒಂದೋ ಎರಡೋ ಸಲ ಜೇನಿನ ಬಗ್ಗೆ ಬರೆಯುತ್ತಿದ್ದವು, ಅದೂ ಹೊಸಬರಿಗೆ. ಹತ್ತು ವರ್ಷ ಜೇನು ಸಾಕಿದವರಿಗೆ ಓದಲು ಏನು ಇತ್ತು? ಪುತ್ತೂರಿನಿಂದ ಬರುವ ಅಡಿಕೆ ಪತ್ರಿಕೆ ನಮ್ಮ ಮನೆಗೆ ಬರುತ್ತಿತ್ತು. 1988ರಲ್ಲಿ ಶುರುವಾದದ್ದು. ಒಂದು ಬೆಳೆಯ ಹೆಸರಿಟ್ಟುಕೊಂಡು, ಕೃಷಿಕರ ಕೈಯಿಂದಲೇ ಬರೆಸಿ ಅಷ್ಟು ವರ್ಷ ನಡೆಸಬಹುದು ಅನ್ನುವುದು ಕಣ್ಣೆದುರಿಗೇ ಇತ್ತು. ಜೇನಿಗೂ ಅಂಥದ್ದೊಂದು ಪತ್ರಿಕೆ ಮಾಡಬೇಕು ಅನಿಸಿತು.

ನನ್ನ ಹತ್ತಿರ ಕೂಡಿಟ್ಟ 60,000 ರೂಪಾಯಿ ಇತ್ತು. ಅಂಗಡಿ ಇತ್ತು, ಕಂಪ್ಯೂಟರ್ ಇತ್ತು, ಪುಟ ಕಟ್ಟುವುದು ಗೊತ್ತಿತ್ತು. ನಮ್ಮನೆಯವರು ಒಂದೇ ಮಾತು ಕೇಳಿದರು: "ಓದುವವರು ದುಡ್ಡು ಕೊಡ್ತಾರಾ?" ಅದಕ್ಕೆ ಉತ್ತರ ಸಿಗದೆ ಒಂದು ರೂಪಾಯಿಯನ್ನೂ ಪ್ರೆಸ್ಸಿಗೆ ಕೊಡುವುದಿಲ್ಲ ಅಂತ ಅವತ್ತೇ ಮಾತು ಕೊಟ್ಟೆ.

ಹಾಗಾಗಿ ಮೊದಲು ಮಾಡಿದ ಕೆಲಸ ಪತ್ರಿಕೆಯದ್ದಲ್ಲ, ತಿರುಗಾಟದ್ದು. ಭಾನುವಾರ ಭಾನುವಾರ ಸ್ಕೂಟಿಯಲ್ಲಿ ಜೇನು ಸಾಕುವವರ ಮನೆಗೆ ಹೋದೆ. ಸಿದ್ದಾಪುರ, ಸೊರಬ, ಸಾಗರದ ಕಡೆಗೆ ನಮ್ಮನೆಯವರ ಜೊತೆ ಬೈಕಿನಲ್ಲಿ. ಮೇಷ್ಟ್ರ ನೋಟ್‌ಬುಕ್ಕಿನ ನಾಲ್ಕು ಪುಟ ಜೆರಾಕ್ಸ್ ಮಾಡಿಸಿ ಕೈಯಲ್ಲಿ ಹಿಡಿದುಕೊಂಡಿದ್ದೆ. "ತಿಂಗಳಿಗೊಮ್ಮೆ ಇಂಥದ್ದು ಬಂದರೆ ವರ್ಷಕ್ಕೆ 150 ರೂಪಾಯಿ ಕೊಡ್ತೀರಾ?" ಅಂತ ಕೇಳುತ್ತಿದ್ದೆ. ಕೆಲವರು ಚಾ ಕೊಟ್ಟು ಕಳಿಸಿದರು. ಕೆಲವರು ಜೆರಾಕ್ಸ್ ಪುಟ ಓದುತ್ತಾ ಓದುತ್ತಾ "ಇದು ನಮ್ಮ ಕಡೆ ಹೀಗಲ್ಲ" ಅಂತ ಜಗಳಕ್ಕೇ ಬಂದರು. ಜಗಳಕ್ಕೆ ಬಂದವರೆಲ್ಲ ದುಡ್ಡು ಕೊಟ್ಟರು. ಅದನ್ನ ನಾನು ಇವತ್ತಿಗೂ ಮರೆತಿಲ್ಲ. ಒಂದು ಕಸುಬಿನ ಪತ್ರಿಕೆಗೆ ಬೇಕಾದ ಓದುಗ ಅವನೇ. ತನ್ನ ಹತ್ತಿರ ಹೇಳಲು ಏನೋ ಇರುವವನು.

ಒಂದು ಉದ್ದ ಲೆಡ್ಜರ್ ಪುಸ್ತಕ ತಂದು ಮೊದಲ ಸಾಲಿನಲ್ಲಿ ಮೇಷ್ಟ್ರ ಹೆಸರು ಬರೆದೆ. ಆರು ತಿಂಗಳಲ್ಲಿ ನಾಲ್ಕು ಜಿಲ್ಲೆಯ 412 ಹೆಸರು ಆಯಿತು.

ಈ ನಡುವೆ ಹೆಸರಿನ ಅರ್ಜಿ. ಪತ್ರಿಕೆಯ ಹೆಸರನ್ನು ಆಗ ಪತ್ರಿಕೆಗಳನ್ನು ನೋಂದಾಯಿಸುವ ಕೇಂದ್ರ ಸರ್ಕಾರದ ಕಚೇರಿಯಾದ ದೆಹಲಿಯ ಆರ್‌ಎನ್‌ಐ ಒಪ್ಪಬೇಕಿತ್ತು. ಇಷ್ಟದ ಕ್ರಮದಲ್ಲಿ ಐದು ಹೆಸರು ಕೊಡಬೇಕು. ಅದೇ ಭಾಷೆಯಲ್ಲೋ ಅದೇ ರಾಜ್ಯದಲ್ಲೋ ಆ ಹೆಸರು, ಅಥವಾ ಅದಕ್ಕೆ ತೀರಾ ಹತ್ತಿರದ ಹೆಸರು ಇದ್ದರೆ ಸಿಗುವುದಿಲ್ಲ. ಜೇನು, ಮಧು, ಗೂಡು ಅಂತ ಮನಸ್ಸಿಗೆ ಬಂದ ಚಂದದ ಹೆಸರೆಲ್ಲ ಮೇಲೆ ಬರೆದಿದ್ದೆ. ಜಾಗ ತುಂಬಲು ಬರೆದ ಐದನೆಯದು ಸಿಕ್ಕಿತು. ಆ ಹೆಸರು ಇಲ್ಲಿ ಹೇಳುವುದಿಲ್ಲ, ಇದು ಜಾಹೀರಾತು ಆಗುವುದು ಬೇಡ. ಆದರೆ ಹೊಸದಾಗಿ ಶುರು ಮಾಡುವವರಿಗೆ ಒಂದು ಮಾತು: ಐದಕ್ಕೆ ಐದೂ ನಿಮಗೆ ಒಪ್ಪಿಗೆಯಾಗುವಂತೆ ಬರೆಯಿರಿ. ಆಮೇಲೆ ಎಷ್ಟೋ ವರ್ಷ ಅದೇ ಹೆಸರಿನಲ್ಲಿ ಜನ ನಿಮ್ಮನ್ನು ಕರೆಯುತ್ತಾರೆ.

ಹೆಸರು ಸಿಕ್ಕ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ. ಮುದ್ರಕರು ಯಾರು, ಪ್ರಕಾಶಕರು ಯಾರು, ಮಾಲೀಕರು ಯಾರು, ಸಂಪಾದಕರು ಯಾರು ಅಂತ. ಪ್ರೆಸ್ ನಮ್ಮದಲ್ಲದ್ದರಿಂದ ಪ್ರೆಸ್ಸಿನವರ ಜೊತೆ ಒಪ್ಪಂದದ ಕಾಗದವೂ ಬೇಕಿತ್ತು. ಘೋಷಣೆ ಆದ ಮೇಲೆ ಮಾಸಿಕಕ್ಕೆ 90 ದಿನದೊಳಗೆ ಮೊದಲ ಸಂಚಿಕೆ ಬರಬೇಕಿತ್ತು.

ಮಾಸಿಕವೇ ಯಾಕೆ ಅಂತ ಬಹಳ ಜನ ಕೇಳಿದ್ದಾರೆ. ಒಬ್ಬಳೇ ಮಾಡುವವಳಿಗೆ ಮೂರು ತಿಂಗಳಿಗೊಮ್ಮೆ ಆರಾಮಲ್ವಾ ಅಂತ. ನನಗೂ ಹಾಗೇ ಅನಿಸಿತ್ತು. ಮನಸ್ಸು ಬದಲಾದದ್ದು ಅಂಚೆಯ ನಿಯಮ ಓದಿದಾಗ. ನೋಂದಣಿಯಾದ ಪತ್ರಿಕೆಗೆ ಅಂಚೆ ಇಲಾಖೆ ರಿಯಾಯಿತಿ ದರ ಕೊಡುತ್ತದೆ. ಆದರೆ ಆಗಿನ ನಿಯಮದಲ್ಲಿ ಎರಡು ಸಂಚಿಕೆಯ ನಡುವೆ 31 ದಿನಕ್ಕಿಂತ ಜಾಸ್ತಿ ಅಂತರ ಇರಬಾರದಿತ್ತು. ದುಡ್ಡು ಕೊಟ್ಟ ಚಂದಾದಾರರು ಕನಿಷ್ಠ 50 ಮಂದಿ ಇರಬೇಕಿತ್ತು. ತ್ರೈಮಾಸಿಕಕ್ಕೆ ಆ ದರ ಇರಲಿಲ್ಲ. ನಾವು ಶುರು ಮಾಡಿದಾಗ 50 ಗ್ರಾಂ ಒಳಗಿನ ಪ್ರತಿಗೆ 25 ಪೈಸೆ, 50ರಿಂದ 100 ಗ್ರಾಂವರೆಗೆ 50 ಪೈಸೆ. ರಿಯಾಯಿತಿ ಇಲ್ಲದೆ ಬುಕ್ ಪೋಸ್ಟಿನಲ್ಲಿ ಹಾಕಿದರೆ 4 ರೂಪಾಯಿ. ನಾಲ್ಕಾಣೆ ನಾಣ್ಯ 2011ರಲ್ಲೇ ಚಲಾವಣೆಯಿಂದ ಹೋಗಿತ್ತು. ಅಂಚೆಯ ಲೆಕ್ಕದಲ್ಲಿ ಮಾತ್ರ ಅದು ಬದುಕಿತ್ತು. ಆ ನಾಲ್ಕಾಣೆಯ ಮೇಲೆ ನಮ್ಮಂಥ ಎಷ್ಟು ಸಣ್ಣ ಪತ್ರಿಕೆಗಳು ನಿಂತಿದ್ದವೋ!

ಹೀಗಾಗಿ ಪತ್ರಿಕೆಯಲ್ಲಿ ಎಷ್ಟು ಪುಟ ಇರಬೇಕು ಅಂತ ತೀರ್ಮಾನ ಮಾಡಿದ್ದು ನಮ್ಮೂರ ಚಿನ್ನದ ಅಂಗಡಿಯ ತಕ್ಕಡಿ. ಕ್ರೌನ್ 1/4 ಸೈಜ್, ಒಳಗೆ 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದದ 32 ಪುಟ, ಹೊರಗೆ 130 ಜಿಎಸ್‌ಎಂ ಆರ್ಟ್ ಪೇಪರ್ ರಕ್ಷಾಪುಟ. (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ.) ಬಿಳಿ ಕಾಗದವನ್ನೇ ಕತ್ತರಿಸಿ ಪಿನ್ ಹೊಡೆದು ಡಮ್ಮಿ ಮಾಡಿ ಒಯ್ದೆ. ಅಂಗಡಿಯವರು ಸರ ತೂಗುವ ತಟ್ಟೆಯ ಮೇಲೆ ಅದನ್ನು ಜೋಪಾನವಾಗಿ ಇಟ್ಟರು. 61 ಗ್ರಾಂ. ಮರುದಿನ 60 ಜಿಎಸ್‌ಎಂ ಕಾಗದದಲ್ಲಿ ಇನ್ನೊಂದು ಮಾಡಿದೆ. 54. ಅಂಗಡಿಯವರಿಗೇ ಹುರುಪು ಬಂದಿತ್ತು. "ಎರಡು ಹಾಳೆ ಕಿತ್ತು ನೋಡು ಅಕ್ಕ" ಅಂದರು. ಪಿನ್ ಬಿಚ್ಚಿ ನಡುವಿನ ನಾಲ್ಕು ಪುಟ ತೆಗೆದೆ. 48.7 ಅಂತ ಬಂತು. ವಿಳಾಸದ ಚೀಟಿ ಅಂಟಿಸಿದರೆ 49ರ ಆಸುಪಾಸು. ಒಳಗೆ 28 ಪುಟ, ಹೊರಗೆ 4. ಅಲ್ಲಿಗೆ ಗಟ್ಟಿಯಾಯಿತು.

ಪ್ರೆಸ್ಸಿನವರು ಒಪ್ಪಲಿಲ್ಲ. ದೊಡ್ಡ ಹಾಳೆಯ ಎರಡೂ ಬದಿ ಸೇರಿದರೆ ಒಂದು ಫಾರಂ, 16 ಪುಟ. 32 ಪುಟ ಅಂದರೆ ಎರಡು ಪೂರ್ತಿ ಫಾರಂ. 28 ಅಂದರೆ ಎರಡನೇ ಫಾರಂನಲ್ಲಿ ನಾಲ್ಕು ಪುಟದ ಜಾಗ ಸುಮ್ನೆ ಹಾಳು, ಪ್ಲೇಟಿನ ಖರ್ಚು ಅಷ್ಟೇ. ಆ ಖಾಲಿ ಜಾಗದಲ್ಲಿ ನನ್ನ ಅಂಗಡಿಯ ಬಿಲ್ ಪುಸ್ತಕ, ಚಂದಾ ರಸೀದಿ, ಜೇನು ಬಾಟಲಿಗೆ ಅಂಟಿಸುವ ಲೇಬಲ್ ಮುದ್ರಿಸಬಹುದು ಅಂತ ಆಮೇಲೆ ಹೊಳೆಯಿತು. ಲೇಬಲ್‌ಗಳನ್ನು ಓದುಗರಿಗೇ ಮಾರಿದೆವು. ಇವತ್ತಿಗೂ ಮಾರುತ್ತೇವೆ.

2015ರ ಏಪ್ರಿಲ್‌ನಲ್ಲಿ ಮೊದಲ ಸಂಚಿಕೆ ಬಂತು. ಸಾವಿರ ಪ್ರತಿಗೆ 10,500 ರೂಪಾಯಿ. ಬಂಡಲ್ ಮನೆಗೆ ತಂದು ಜಗಲಿಯ ಮೇಲೆ ಬಿಚ್ಚಿದಾಗ ಶಾಯಿಯ ವಾಸನೆ ಮನೆ ತುಂಬಿತು. ಅತ್ತೆ ಒಂದು ಪ್ರತಿ ದೇವರ ಮುಂದೆ ಇಟ್ಟು ಬಂದರು. ಆ ಸಂತೋಷದಲ್ಲಿ ನಾನು ಕೊನೆಯ ಪುಟ ಸರಿಯಾಗಿ ನೋಡಿರಲಿಲ್ಲ. ಮುದ್ರಕರ ಹೆಸರು, ಪ್ರೆಸ್ಸಿನ ವಿಳಾಸ, ಪ್ರಕಾಶಕರು, ಸಂಪಾದಕರು ಅಂತ ಒಂದು ಸಾಲು ಪ್ರತಿ ಸಂಚಿಕೆಯಲ್ಲೂ ಇರಲೇಬೇಕು. ಆಗ ಅದು ಘೋಷಣೆಯಲ್ಲಿ ಹೇಗಿತ್ತೋ ಹಾಗೇ ಇರಬೇಕಿತ್ತು. ನಾನು ಪ್ರೆಸ್ಸಿನ ಹೆಸರು ಮಾತ್ರ ಹಾಕಿದ್ದೆ. ನೋಂದಣಿಗೆ ಕಳಿಸಿದ ಅರ್ಜಿ ವಾಪಸ್ ಬಂತು. ಸರಿಪಡಿಸಿ, ಮುಂದಿನ ಸಂಚಿಕೆ ಸೇರಿಸಿ ಮತ್ತೆ ಕಳಿಸಿ, ಆರ್‌ಎನ್‌ಐ ಸಂಖ್ಯೆ ಬಂದು, ಅದನ್ನು ಹಿಡಿದು ಅಂಚೆ ನೋಂದಣಿ ಆಗುವ ಹೊತ್ತಿಗೆ ನವೆಂಬರ್. ಅಲ್ಲಿವರೆಗೆ ಏಳು ಸಂಚಿಕೆಗೆ ನಾಲ್ಕಾಣೆಯ ಬದಲು ನಾಲ್ಕು ರೂಪಾಯಿ ಕೊಟ್ಟೆ. ಒಂದು ಸಾಲು ಬಿಟ್ಟದ್ದರಿಂದ ಎಷ್ಟು ತಿಂಗಳು ಹೆಚ್ಚಾಯಿತು ಅಂತ ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ.

ಮೊದಲ ವರ್ಷದ ಕೊನೆಗೆ ಚಂದಾದಾರರು 700. ಬಂದದ್ದು ಚಂದಾದಿಂದ ಒಂದು ಲಕ್ಷ ಐದು ಸಾವಿರ, ಜಾಹೀರಾತಿನಿಂದ 14,000. ಮುದ್ರಣಕ್ಕೇ ಒಂದು ಲಕ್ಷ 26 ಸಾವಿರ. ಅಂಚೆ, ಫೋನು, ಓಡಾಟ ಸೇರಿ ಕೈಯಿಂದ ಹೋದದ್ದು 34,000. ನನ್ನ ದುಡಿಮೆಗೆ ಒಂದು ರೂಪಾಯಿಯೂ ಇಲ್ಲ. ಆದರೂ ನಾನು ಹೆದರಿರಲಿಲ್ಲ. 700 ಜನ ಓದುತ್ತಿದ್ದಾರೆ, ಮುಂದಿನ ವರ್ಷ ಸಾವಿರ ಆಗುತ್ತದೆ ಅಂತ ನಂಬಿದ್ದೆ.

2016ರ ಏಪ್ರಿಲ್ ಬಂತು. ಮೊದಲ 412 ಮಂದಿಯ ಚಂದಾ ಮುಗಿಯಿತು. ತಿಂಗಳು ಕಳೆದರೂ ನವೀಕರಣ ಮಾಡಿದವರು 150. ಆ ರಾತ್ರಿ ಲೆಡ್ಜರ್ ತೆರೆದು ಕೂತಿದ್ದು ನೆನಪಿದೆ. ಒಂದೊಂದು ಹೆಸರಿನ ಹಿಂದೆಯೂ ನಾನು ಹತ್ತಿದ ಒಂದು ಮನೆಯ ಮೆಟ್ಟಿಲು ಕಾಣುತ್ತಿತ್ತು. ಇವರಿಗೆಲ್ಲ ಪತ್ರಿಕೆ ಬೇಡವಾಯಿತಾ?

ಮರುದಿನದಿಂದ ಫೋನ್ ಮಾಡಿದೆ. ದಿನಕ್ಕೆ ಹದಿನೈದು. ಅರ್ಧಕ್ಕರ್ಧ ಜನರಿಗೆ ಚಂದಾ ಮುಗಿದದ್ದೇ ಗೊತ್ತಿರಲಿಲ್ಲ. ಹೊಸನಗರದ ಕಡೆಯ ಒಬ್ಬ ಅಜ್ಜ "ಮೂರು ತಿಂಗಳಾಯ್ತು ಪತ್ರಿಕೆ ಬರದೆ. ನಿಂತೇ ಹೋಯ್ತೇನೋ ಅಂತ ಬೇಜಾರಾಗಿ ಕೂತಿದ್ದೆ ಮಗಾ" ಅಂದರು. ಪಿನ್ ಕೋಡಿನ ಒಂದು ಅಂಕೆ ನಾನೇ ತಪ್ಪು ಬರೆದಿದ್ದೆ. ಬಂದ ಅಷ್ಟೂ ಸಂಚಿಕೆಗಳನ್ನು ಅವರು ಬಾಳೆ ನಾರಿನಲ್ಲಿ ಹೊಲಿದು ಇಟ್ಟಿದ್ದರಂತೆ. ಉಳಿದ ಮೂರು ಕಳಿಸಿಕೊಟ್ಟೆ. ಹೀಗೆ ಒಬ್ಬೊಬ್ಬರಾಗಿ ವಾಪಸ್ ಬಂದು, ಮೊದಲಿನ 150 ಸೇರಿ 340 ಜನ ಆದರು.

ಆ ಫೋನಿನಲ್ಲಿ ಇನ್ನೊಂದು ದೊಡ್ಡ ಪಾಠ ಸಿಕ್ಕಿತು. ಏಪ್ರಿಲ್‌ನವರು ಫೋನ್ ಮಾಡಿದ ಕೂಡಲೇ ದುಡ್ಡು ಕಳಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಮುಗಿದವರಿಗೆ ಫೋನ್ ಮಾಡಿದರೆ "ನೋಡುವಾ ಅಕ್ಕ" ಅನ್ನುತ್ತಿದ್ದರು. ಯಾಕೆ ಅಂತ ನಮ್ಮನೆಯವರೇ ಹೇಳಿದರು. ಮಲೆನಾಡಿನಲ್ಲಿ ತುಪ್ಪ ಬರುವುದು ಫೆಬ್ರವರಿಯಿಂದ ಮೇವರೆಗೆ. ಮಳೆಗಾಲದಲ್ಲಿ ಹುಳಕ್ಕೇ ಸಕ್ಕರೆ ಪಾಕ ಕೊಟ್ಟು ಸಾಕಬೇಕು. ಅಂದರೆ ಜೇನಿನಿಂದ ಬರುವುದಲ್ಲ, ಜೇನಿಗೆ ಹೋಗುವ ಕಾಲ ಅದು. ಆ ಹೊತ್ತಿಗೆ ಜೇನಿನ ಪತ್ರಿಕೆಗೆ ದುಡ್ಡು ಕೇಳಿದರೆ ಎಲ್ಲಿಂದ ಕೊಟ್ಟಾರು? ಮುಂದಿನ ವರ್ಷ ಎಲ್ಲರ ಚಂದಾವನ್ನೂ ಮೇ ತಿಂಗಳಿಗೆ ತಂದು ನಿಲ್ಲಿಸಿದೆ. ಯಾರದ್ದು ಯಾವಾಗ ಮುಗಿದರೂ ಮೇವರೆಗೆ ಪುಕ್ಕಟೆ ಕಳಿಸಿದೆ. ಕೆಲವರಿಗೆ ಏಳೆಂಟು ಸಂಚಿಕೆ ಹಾಗೆ ಹೋಯಿತು. ವಿಳಾಸದ ಚೀಟಿಯ ಮೇಲೆ ಹೆಸರಿನ ಕೆಳಗೆ "ನಿಮ್ಮ ಚಂದಾ ಮೇ 2018ರವರೆಗೆ" ಅಂತ ಅಚ್ಚು ಹಾಕಲು ಶುರು ಮಾಡಿದೆ. ನವೀಕರಣ ನೂರಕ್ಕೆ ಎಂಬತ್ತು ದಾಟಿದ್ದು ಅಲ್ಲಿಂದ.

ಇದರ ಇನ್ನೊಂದು ಮುಖವೂ ಇದೆ. ವರ್ಷದ ದುಡ್ಡೆಲ್ಲ ಎರಡು ತಿಂಗಳಲ್ಲಿ ಬರುತ್ತದೆ. ಮೇ ತಿಂಗಳ ಪಾಸ್‌ಬುಕ್ ನೋಡಿದರೆ ನಾವು ಶ್ರೀಮಂತರು ಅನಿಸುತ್ತದೆ. ಅದು ನಮ್ಮ ದುಡ್ಡಲ್ಲ, ಇನ್ನೂ ಕೊಡದ ಹನ್ನೆರಡು ಸಂಚಿಕೆಯ ದುಡ್ಡು. ಒಂದು ವರ್ಷ ಅದರಲ್ಲಿ ಹೊಸ ಪ್ರಿಂಟರ್ ತೆಗೆದುಕೊಂಡು ಜನವರಿಯಲ್ಲಿ ಪ್ರೆಸ್ಸಿಗೆ ಕೊಡಲು ಇಲ್ಲದೆ ಬಳೆ ಅಡ ಇಟ್ಟೆ. ಆಮೇಲೆ ಬೇರೆ ಖಾತೆ ಮಾಡಿದೆ. ಚಂದಾ ಅಲ್ಲಿಗೇ ಬೀಳುತ್ತದೆ, ತಿಂಗಳಿಗೆ ಹನ್ನೆರಡರಲ್ಲಿ ಒಂದು ಪಾಲು ಮಾತ್ರ ಈಚೆಗೆ ತೆಗೆಯುತ್ತೇನೆ.

ಮಳೆಗಾಲದ ಇನ್ನೊಂದು ಪೆಟ್ಟು ಅಂಚೆ ಕಚೇರಿಯಲ್ಲಿ ಬಿತ್ತು. 2016ರ ಜುಲೈ. ಚೀಟಿ ಅಂಟಿಸಿದ 640 ಪ್ರತಿ ಚೀಲದಲ್ಲಿ ತುಂಬಿ ಒಯ್ದಿದ್ದೆ. ಕೌಂಟರಿನವರು ಒಂದನ್ನು ತೂಗಿ ನೋಡಿ "ಅಕ್ಕ, 51 ಬರ್ತಾ ಇದೆ" ಅಂದರು. ಇನ್ನೊಂದು ತೂಗಿದರು. ಅದೂ 51. ಅದೇ ಕಾಗದ, ಅಷ್ಟೇ ಪುಟ, ಬೇಸಿಗೆಯಲ್ಲಿ 49 ಇದ್ದದ್ದು. ನಾಲ್ಕು ದಿನ ಜಗಲಿಯಲ್ಲಿ ಇಟ್ಟ ಬಂಡಲ್ ಮಳೆಯ ಥಂಡಿ ಕುಡಿದಿತ್ತು. ಅವತ್ತು ದುಪ್ಪಟ್ಟು ಕಟ್ಟಿ ಬಂದೆ. ಒಂದು ತಿಂಗಳಿಗೆ 160 ರೂಪಾಯಿ ಏನು ಮಹಾ ಅನ್ನಬಹುದು. ವರ್ಷಕ್ಕೆ ಲೆಕ್ಕ ಹಾಕಿದರೆ ಆಗ ಅದು ಒಳಪುಟದ ಎರಡು ಜಾಹೀರಾತಿನ ದುಡ್ಡು. ಮುಂದಿನ ತಿಂಗಳಿಂದ ಪ್ರೆಸ್ಸಿನಲ್ಲೇ ಪ್ಲಾಸ್ಟಿಕ್ ಸುತ್ತಿಸಿದೆ. ಅಂಚಿನಲ್ಲಿ ಇನ್ನಷ್ಟು ಕತ್ತರಿಸಲು ಹೇಳಿದೆ. ಅಂಚೆಗೆ ಹಾಕುವ ದಿನ ಬೆಳಿಗ್ಗೆಯೇ ಬಂಡಲ್ ಬಿಚ್ಚುವುದು ಅಂತ ಆಯಿತು.

ಆದರೆ ಆ 28 ಪುಟದ ಹಟವೇ ನನ್ನಿಂದ ಒಂದು ದೊಡ್ಡ ತಪ್ಪು ಮಾಡಿಸಿತು. ಅದನ್ನು ಹೇಳದೆ ಈ ಕಥೆ ಪೂರ್ತಿಯಾಗುವುದಿಲ್ಲ.

ಅದೇ ವರ್ಷದ ಆಗಸ್ಟ್ ಸಂಚಿಕೆ. ಮೇಣದ ಪತಂಗದ ಬಗ್ಗೆ ಒಬ್ಬ ಅನುಭವಿ ಕೃಷಿಕರು ಒಳ್ಳೆಯ ಲೇಖನ ಕೊಟ್ಟಿದ್ದರು. ಮಳೆಗಾಲದಲ್ಲಿ ತೆಗೆದಿಟ್ಟ ಖಾಲಿ ಎರಿಗಳಿಗೆ (ಮೇಣದ ಹುಟ್ಟುಗಳಿಗೆ) ಈ ಪತಂಗ ಮೊಟ್ಟೆಯಿಟ್ಟು ಎಲ್ಲ ಬಲೆ ಕಟ್ಟಿ ಹಾಳು ಮಾಡುತ್ತದೆ. ಅದಕ್ಕೆ ಗಂಧಕದ ಹೊಗೆ ಕೊಡುವ ಕ್ರಮ ಬರೆದಿದ್ದರು. ಲೇಖನ ನುಡಿ ತಂತ್ರಾಂಶದ ಹಳೆ ಅಕ್ಷರದಲ್ಲಿ ಬಂದಿತ್ತು. ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು ಇರುವ ಪದಗಳೆಲ್ಲ ಕೆಟ್ಟವು. ಅದನ್ನು ತಿದ್ದುವುದರಲ್ಲೇ ರಾತ್ರಿ ಹನ್ನೊಂದಾಯಿತು. ಪುಟ ಕಟ್ಟಿದಾಗ ಆರು ಸಾಲು ಜಾಸ್ತಿ. ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ಕೊನೆಯ ಪ್ಯಾರಾ ಮುಕ್ತಾಯದ ಮಾತು ಇರಬಹುದು ಅಂತ ಸರಿಯಾಗಿ ಓದದೆ ಆರು ಸಾಲು ಅಳಿಸಿದೆ.

ಆ ಆರು ಸಾಲಿನಲ್ಲಿ ಇದ್ದದ್ದು ಇದು: ಹುಳ ಇರುವ ಪೆಟ್ಟಿಗೆಗೆ ಈ ಹೊಗೆ ಕೊಡಲೇಬಾರದು. ಎರಿಗಳನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಹೊಗೆ ಕೊಟ್ಟು, ಚೆನ್ನಾಗಿ ಗಾಳಿಯಾಡಿಸಿದ ಮೇಲೆಯೇ ಬಳಸಬೇಕು.

ಪತ್ರಿಕೆ ಅಂಚೆಗೆ ಹೋದ ನಾಲ್ಕನೇ ದಿನ ಲೇಖಕರ ಫೋನ್ ಬಂತು. ಅವರು ಬೈಯಲಿಲ್ಲ. "ಕೊನೆಯದ್ದು ಎಲ್ಲಿ ಹೋಯ್ತು ತಂಗಿ?" ಅಂತ ಮಾತ್ರ ಕೇಳಿದರು. ನನ್ನ ಕೈಕಾಲು ತಣ್ಣಗಾಯಿತು. ಗಂಧಕದ ಹೊಗೆ ಹುಳವನ್ನು ಕೊಲ್ಲುತ್ತದೆ. ಹಳಬರಿಗೆ ಅದು ಗೊತ್ತು. ಆದರೆ ನಮ್ಮ 640 ಜನರಲ್ಲಿ ಮೊನ್ನೆ ಮೊನ್ನೆ ಪೆಟ್ಟಿಗೆ ಇಟ್ಟವರು ಎಷ್ಟೋ ಜನ ಇದ್ದರು.

ಫೋನ್ ನಂಬರ್ ಇದ್ದವರಿಗೆಲ್ಲ ಫೋನ್ ಮಾಡಿದೆವು. ನಾನು ಒಂದು ಕಡೆ, ನಮ್ಮನೆಯವರು ಒಂದು ಕಡೆ. ಅಂಚೆ ಕಚೇರಿಯಿಂದ ಐವತ್ತು ಪೈಸೆಯ 640 ಕಾರ್ಡ್ ತಂದೆ. ಅವರ ಹತ್ತಿರ ಅಷ್ಟು ಇರಲಿಲ್ಲ, ಮೂರು ಊರು ತಿರುಗಬೇಕಾಯಿತು. ಅತ್ತೆ, ನಾದಿನಿ, ಮಗಳು ಎಲ್ಲ ಕೂತು ಎರಡು ರಾತ್ರಿ ಕೈಯಲ್ಲೇ ಬರೆದೆವು. "ಹುಳ ಇರುವ ಪೆಟ್ಟಿಗೆಗೆ ಗಂಧಕದ ಹೊಗೆ ಕೊಡಬೇಡಿ. ಪತ್ರಿಕೆಯಲ್ಲಿ ಈ ಸಾಲು ಬಿಟ್ಟುಹೋಗಿದೆ. ತಪ್ಪು ನಮ್ಮದು." ಮಗಳು ಆಗ ಆರನೇ ಕ್ಲಾಸು. ಅವಳ ದುಂಡು ಅಕ್ಷರದ ಕಾರ್ಡುಗಳನ್ನು ಕೆಲವರು ಇನ್ನೂ ಇಟ್ಟುಕೊಂಡಿದ್ದಾರಂತೆ.

ಒಬ್ಬರಿಗೆ ಕಾರ್ಡ್ ತಲುಪುವುದರೊಳಗೆ ಎರಡು ಪೆಟ್ಟಿಗೆಯ ಜೇನು ಕುಟುಂಬ ಸತ್ತುಹೋಗಿತ್ತು. ಸೊರಬದ ಕಡೆಯ ಹುಡುಗ, ಇದ್ದದ್ದೇ ಮೂರು ಪೆಟ್ಟಿಗೆ. ನಾವು ಅವನ ಮನೆಗೆ ಹೋದೆವು. ಅವನು ಹೊರಗೆ ಬಂದು ಏನೂ ಹೇಳದೆ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದ. ತಳದ ಹಲಗೆಯ ಮೇಲೆ ಹುಳ ಹಾಸಿ ಬಿದ್ದಿದ್ದವು. ಮಳೆ ಮುಗಿದು ಕುಟುಂಬಗಳು ಗಟ್ಟಿಯಾದ ಮೇಲೆ ನಮ್ಮ ಪೆಟ್ಟಿಗೆಯಿಂದ ಎರಡು ಒಳ್ಳೆಯ ಕುಟುಂಬ ರಾತ್ರಿ ಹೊತ್ತು ಒಯ್ದು ಕೊಟ್ಟು ಬಂದೆವು. ಅವನು ಚಂದಾ ನಿಲ್ಲಿಸಲಿಲ್ಲ. ಈಗ ಅವನ ಹತ್ತಿರ ಅರವತ್ತು ಪೆಟ್ಟಿಗೆ ಇದೆ, ನಮಗೆ ಬರೆಯುತ್ತಾನೆ ಕೂಡ. ಆದರೂ ಆ ತಳದ ಹಲಗೆ ನನ್ನ ಕಣ್ಣಿಂದ ಹೋಗಿಲ್ಲ. ಅವತ್ತಿನಿಂದ ಪುಟ ಕಟ್ಟಿದ ಮೇಲೆ ಪ್ರತಿ ಲೇಖನವನ್ನೂ ಲೇಖಕರಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳುತ್ತೇನೆ. ಔಷಧ, ಹೊಗೆ, ಅಳತೆ ಇರುವ ಲೇಖನವನ್ನು ಇನ್ನೊಬ್ಬ ಜೇನು ಕೃಷಿಕರೂ ಓದಬೇಕು. ಸಾಲು ಜಾಸ್ತಿಯಾದರೆ ಫೋಟೊ ತೆಗೆಯುತ್ತೇನೆ, ಜಾಹೀರಾತು ತೆಗೆಯುತ್ತೇನೆ, ಮಾತು ತೆಗೆಯುವುದಿಲ್ಲ.

ಜಾಹೀರಾತಿನ ಮಾತು ಬಂತಲ್ಲ. ನಮಗೆ ಜಾಹೀರಾತು ಕೊಡುವವರು ಪೆಟ್ಟಿಗೆ ಮಾಡುವ ಬಡಗಿಗಳು, ತುಪ್ಪ ತೆಗೆಯುವ ಯಂತ್ರ ಮಾಡುವವರು, ನರ್ಸರಿಗಳು, ಸಹಕಾರಿ ಸಂಘಗಳು. ಸಣ್ಣ ಸಣ್ಣ ಮೊತ್ತ, ಆದರೆ ಓದುಗರಿಗೆ ಬೇಕಾದ ಜಾಹೀರಾತು. ಮೂರನೇ ವರ್ಷ ಒಂದು ಕೀಟನಾಶಕದ ಕಂಪನಿಯವರು ವರ್ಷಪೂರ್ತಿ ಹಿಂದಿನ ರಕ್ಷಾಪುಟ ಕೇಳಿದರು. 36,000 ರೂಪಾಯಿ. ಆಗ ನನ್ನ ಇಡೀ ವರ್ಷದ ನಷ್ಟ ಅದರಲ್ಲಿ ತೀರುತ್ತಿತ್ತು. ಎರಡು ದಿನ ಯೋಚಿಸಿದೆ ಅನ್ನುವುದು ನಿಜ. ಹೂ ಬಿಟ್ಟ ತೋಟಕ್ಕೆ ಔಷಧ ಹೊಡೆದು ಹುಳ ಸತ್ತ ಪತ್ರ ಅದೇ ತಿಂಗಳು ಮೂರು ಬಂದಿದ್ದವು. ಅವುಗಳ ಹಿಂದಿನ ಪುಟದಲ್ಲಿ ಆ ಜಾಹೀರಾತು ಹೇಗೆ ಹಾಕಲಿ? ಬೇಡ ಅಂದೆ. ಆ ವರ್ಷದ ನಷ್ಟವನ್ನು ಡಿಟಿಪಿ ಅಂಗಡಿಯ ಮದುವೆ ಕಾಗದಗಳು ತುಂಬಿಕೊಟ್ಟವು. ಸಣ್ಣ ಪತ್ರಿಕೆ ಮಾಡುವವರಿಗೆ ಪಕ್ಕದಲ್ಲಿ ಇನ್ನೊಂದು ದುಡಿಮೆ ಬೇಕು ಅಂತ ನಾನು ಹೇಳುವುದು ಇದಕ್ಕೇ. ಬೇಡ ಅನ್ನುವ ಧೈರ್ಯ ಅಲ್ಲಿಂದ ಬರುತ್ತದೆ.

ಪತ್ರಿಕೆ ನಿಜವಾಗಿ ಕಾಲೂರಿದ್ದು 2018ರಲ್ಲಿ. ಎರಡು ಮೂರು ತಾಲ್ಲೂಕಿನಿಂದ ಒಂದೇ ತರಹದ ಪತ್ರಗಳು ಬಂದವು. ಮರಿಹುಳಗಳು ಕೋಶದೊಳಗೆ ಮೇಲ್ಮುಖವಾಗಿ ಸತ್ತಿವೆ, ಚಿಮಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಬರುತ್ತವೆ ಅಂತ. ಹಳಬರು ಓದಿದ ಕೂಡಲೇ ಗುರುತಿಸಿದರು. ಥಾಯ್ ಸ್ಯಾಕ್ ಬ್ರೂಡ್. 1991–92ರ ಹೊತ್ತಿಗೆ ದಕ್ಷಿಣ ಭಾರತಕ್ಕೆ ಬಂದು ನಮ್ಮ ತುಡುವೆ ಜೇನನ್ನು ಊರಿಗೆ ಊರೇ ಖಾಲಿ ಮಾಡಿದ ವೈರಸ್. ಅದಕ್ಕೆ ಔಷಧ ಇಲ್ಲ. ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಆ ವರ್ಷದ ಪುಟಗಳಿದ್ದವು. ಐವತ್ತಮೂರು ಪೆಟ್ಟಿಗೆಯಲ್ಲಿ ಉಳಿದದ್ದು ನಾಲ್ಕು. ಆ ನಾಲ್ಕರಿಂದ ಮತ್ತೆ ಹಿಸ್ಸೆ ಮಾಡುತ್ತಾ ಬಂದದ್ದು, ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಹೊಸ ಮರಿ ಇಲ್ಲದಂತೆ ಮಾಡಿ ರೋಗದ ಸರಪಳಿ ಕಡಿದದ್ದು, ಎಲ್ಲ. ಆ ಪುಟಗಳನ್ನು ಇದ್ದ ಹಾಗೇ ಹಾಕಿದೆವು. ಜೊತೆಗೆ ಹತ್ತೊಂಬತ್ತು ಓದುಗರು ತಮ್ಮ ತಮ್ಮ ಪೆಟ್ಟಿಗೆಯ ಲೆಕ್ಕ ಬರೆದರು. ಎಷ್ಟು ಇತ್ತು, ಎಷ್ಟು ಹೋಯಿತು, ಉಳಿದದ್ದರ ರಾಣಿ ಎಲ್ಲಿಯದು. ಆ ಸಂಚಿಕೆ ಒಂದೇ ವಾರದಲ್ಲಿ ಮುಗಿದು 300 ಪ್ರತಿ ಮತ್ತೆ ಅಚ್ಚು ಹಾಕಿಸಿದೆ. ಭಾಗಮಂಡಲದ ಕಡೆಯಿಂದ, ಸುಳ್ಯದಿಂದ, ನಾನು ಕಾಲಿಡದ ಊರುಗಳಿಂದ ಚಂದಾ ಬಂತು. ನಾನು ಸಂಬಳ ಅಂತ ತಿಂಗಳಿಗೆ 8,000 ತೆಗೆದುಕೊಳ್ಳಲು ಶುರು ಮಾಡಿದ್ದು ಆ ವರ್ಷ.

2020ರ ಏಪ್ರಿಲ್ ಸಂಚಿಕೆ ಪ್ರೆಸ್ಸಿಗೆ ಹೋಗಲೇ ಇಲ್ಲ. ಲಾಕ್‌ಡೌನ್. ಪಿಡಿಎಫ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆ. ಒಳ್ಳೆ ತುಪ್ಪದ ಕಾಲ, ಮಾರಲು ಸಂತೆ ಇಲ್ಲ. ಯಾರ ಹತ್ತಿರ ಎಷ್ಟು ತುಪ್ಪ ಇದೆ ಅಂತ ಊರು, ಫೋನ್ ನಂಬರ್ ಹಾಕಿ ಎರಡು ಪುಟದ ಪಟ್ಟಿ ಮಾಡಿದೆವು. ಅದನ್ನು ಓದುಗರು ಬೆಂಗಳೂರು, ಮೈಸೂರಿನ ನೆಂಟರಿಗೆ ಕಳಿಸಿದರು. ನಾವು ಕಮಿಷನ್ ತೆಗೆದುಕೊಳ್ಳಲಿಲ್ಲ. ಆ ಪಟ್ಟಿ ಈಗಲೂ ಪ್ರತಿ ಮೇ ಸಂಚಿಕೆಯಲ್ಲಿ ಇರುತ್ತದೆ.

ಆಮೇಲೆ 2022ರಲ್ಲಿ ಕಾಗದದ ರೇಟು ಏರಿದಾಗ ಚಂದಾ 150ರಿಂದ 240ಕ್ಕೆ ಹೋಯಿತು. ಏಳು ವರ್ಷ ಏರಿಸದೆ ಒಂದೇ ಸಲ ಅಷ್ಟು ಏರಿಸಿದ್ದು ಸರಿಯಲ್ಲ, ಎರಡು ವರ್ಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಬೇಕಿತ್ತು. ಆ ತಿಂಗಳ ಪತ್ರಿಕೆಯಲ್ಲಿ ಕಾಗದ, ಪ್ಲೇಟು, ಅಂಚೆ, ನನ್ನ ಸಂಬಳ ಎಲ್ಲ ಬಿಡಿಬಿಡಿಯಾಗಿ ಹಾಕಿ ಯಾಕೆ ಅಂತ ಬರೆದೆ. ಬಿಟ್ಟುಹೋದವರು ತೊಂಬತ್ತು ಮಂದಿ. ಉಳಿದವರು ಏನೂ ಹೇಳದೆ ಕಟ್ಟಿದರು.

ಹೊಸಬರಿಗೆ ಈಗ ದಾರಿ ಬೇರೆಯಾಗಿದೆ. 1867ರ ಹಳೆಯ ಕಾಯ್ದೆ ಹೋಗಿ 2024ರ ಮಾರ್ಚ್ 1ರಿಂದ ಹೊಸ ಕಾಯ್ದೆ ಬಂದಿದೆ. ಹೆಸರು, ನೋಂದಣಿ ಎರಡಕ್ಕೂ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಒಟ್ಟಿಗೇ ಅರ್ಜಿ ಹಾಕಬಹುದು. ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ಘೋಷಣೆ ಮಾಡುವುದು ಇಲ್ಲ. ಕೇಳಿಕೊಂಡು ಬರುವ ಹುಡುಗ ಹುಡುಗಿಯರಿಗೆ ಅದನ್ನೆಲ್ಲ ಹೇಳುತ್ತೇನೆ. ಹೇಳಿ, ಮೊದಲು ಲೆಡ್ಜರ್ ತೋರಿಸುತ್ತೇನೆ.

ಈಗ ಅದು ಮೂರನೇ ಲೆಡ್ಜರ್. 1,310 ಸಾಲು ಇದೆ. ಕಂಪ್ಯೂಟರಿನಲ್ಲೂ ಇದೆ, ಆದರೆ ಫೋನ್ ಮಾಡುವಾಗ ನನಗೆ ಪುಸ್ತಕವೇ ಬೇಕು. ಪ್ರತಿ ಹೆಸರಿನ ಪಕ್ಕದಲ್ಲಿ ಸೀಸದ ಕಡ್ಡಿಯಲ್ಲಿ ಬರೆದಿರುತ್ತೇನೆ: ಎಷ್ಟು ಪೆಟ್ಟಿಗೆ, ಹೋದ ಸಲ ಏನು ಹೇಳಿದರು, ಏನು ಬರೆಯುತ್ತೇನೆ ಅಂದಿದ್ದರು. ಮೇಷ್ಟ್ರು ಮೊದಲ ಸಾಲಿನಲ್ಲೇ ಇದ್ದಾರೆ. ಕಣ್ಣು ಮಂಜಾಗಿದೆ, ಸೊಸೆ ಓದಿ ಹೇಳುತ್ತಾರೆ, ತಪ್ಪು ಇದ್ದರೆ ಮಾರನೇ ದಿನ ಫೋನ್ ಬರುತ್ತದೆ.

ಈ ಮೇ ತಿಂಗಳು ನವೀಕರಣ ಆಗದೆ ಉಳಿದವರು 212. ಸಿದ್ದಾಪುರ, ಸಾಗರ ಮುಗಿಯಿತು. ನಾಳೆ ಯಲ್ಲಾಪುರ ತಾಲ್ಲೂಕಿನವರಿಗೆ ಫೋನ್ ಮಾಡಬೇಕು. ಬೆಳಿಗ್ಗೆ ಎಂಟರ ಒಳಗೆ ಮಾಡಿದರೆ ಸಿಗುತ್ತಾರೆ, ಆಮೇಲೆ ತೋಟಕ್ಕೆ ಹೋಗಿಬಿಡುತ್ತಾರೆ.